ಗ್ಯಾಲರಿಯ ಮುಂದಿನ ಗೋಡೆ

ಅಣ್ಣ ಕಟ್ಟಿದ ಕೊನೆಯ ಗೋಡೆಯನ್ನು ಹೋದ ವರ್ಷ ನಾನೇ ಬಿಚ್ಚಿದೆ. ಒಡೆದೆ ಎಂದು ಕೆಲವರು ಈಗಲೂ ಹೇಳುತ್ತಾರೆ. ನಾನು ಒಡೆಯಲಿಲ್ಲ. ಒಡೆಯಲು ಬಂದವರು ಬೇರೆ ಇದ್ದರು. ಅವರನ್ನು ನಿಲ್ಲಿಸಿ ಬಿಚ್ಚಿದ್ದು ನಾನು. ಅಣ್ಣನ ವರ್ಷದ ತಿಥಿ ಮುಗಿದ ದಿನದಿಂದ ಇದನ್ನು ಬರೆದಿಡಬೇಕು ಅಂದುಕೊಳ್ಳುತ್ತಿದ್ದೇನೆ. ಕೂತರೆ ಕೂತಲ್ಲಿ ಇರಲಾಗುವುದಿಲ್ಲ. ಎದ್ದು ಅಂಗಳಕ್ಕೆ ಹೋಗುತ್ತೇನೆ, ಉಳಿಗಳನ್ನು ತೆಗೆದು ನೋಡಿ ಮತ್ತೆ ಅಲ್ಲೇ ಇಟ್ಟು ಬರುತ್ತೇನೆ. ಇವತ್ತು ಹೇಗಾದರೂ ಮುಗಿಸಬೇಕು.

ಗೋಡೆ ಇದ್ದದ್ದು ಹೊಸ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ಪಟ್ಟಣದ ಹೆಸರು ಬೇಡ. ಶನಿವಾರಸಂತೆಯ ನಮ್ಮ ಮನೆಯಿಂದ ಅಲ್ಲಿಗೆ ಬೆಳಗಿನ ಬಸ್ಸಿಗೆ ಹೊರಟರೆ ಬಿಸಿಲೇರುವ ಹೊತ್ತಿಗೆ ಮುಟ್ಟಬಹುದು. ಕೊಡಗು ಮೈಸೂರಿಗೆ ಸೇರುತ್ತದೋ ಇಲ್ಲವೋ ಎಂಬ ಮಾತು ಎಲ್ಲ ಕಾಫಿ ಹೋಟೆಲಿನಲ್ಲೂ ನಡೆಯುತ್ತಿದ್ದ ಕಾಲ. ಸೇರುವ ಮೊದಲೇ ನಮ್ಮದು ಅಂತ ಒಂದು ದೊಡ್ಡ ಕೆಲಸ ಆಗಿಬಿಡಲಿ ಎಂದು ಪಟ್ಟಣದ ಕಮಿಟಿಯವರು ಗುಡ್ಡದ ಒಂದು ಮಗ್ಗುಲು ಕಡಿಸಿ ಮೈದಾನ ಮಾಡಿಸಿದರು. ಆ ದುಡ್ಡಿನಲ್ಲಿ ರಸ್ತೆಗೆ ಟಾರು ಹಾಕಬಹುದಿತ್ತು ಎಂದವರಿದ್ದರು, ಆಸ್ಪತ್ರೆಗೆ ಇನ್ನೊಂದು ವಾರ್ಡು ಆಗುತ್ತಿತ್ತು ಎಂದವರೂ ಇದ್ದರು. ಕಲ್ಲಿನ ಕೆಲಸ ಅಣ್ಣನಿಗೂ ನನಗೂ ಸಿಕ್ಕಿತು. ಮೆಟ್ಟಿಲು ಮೆಟ್ಟಿಲಾಗಿ ಗ್ಯಾಲರಿ, ಅದರ ಮುಂದೆ ಉದ್ದಕ್ಕೂ ಮೊಣಕಾಲೆತ್ತರದ ಒಂದು ಗೋಡೆ, ಗೋಡೆಯಿಂದಾಚೆ ಓಟದ ಪಂದ್ಯಕ್ಕೆಂದು ಬಿಟ್ಟ ಅಗಲದ ದಾರಿ, ಅದರಾಚೆ ಆಟದ ಗೆರೆ.

ಅದಕ್ಕೆ ಮೊದಲು ಫುಟ್‌ಬಾಲ್ ನಡೆಯುತ್ತಿದ್ದದ್ದು ಕೊಯ್ಲಾದ ಗದ್ದೆಯಲ್ಲಿ. ಪಕ್ಕದ ಬಾಣೆಯ ಹುಲ್ಲಿನ ಇಳಿಜಾರಿನಲ್ಲಿ ಜನ ನಿಂತು ನೋಡುತ್ತಿದ್ದರು. ಅಮ್ಮತ್ತಿಯ ತಂಡ ಬಂದರೂ ಅಲ್ಲೇ, ಮಾದಾಪುರದ ಎಸ್ಟೇಟಿನವರು ಬಂದರೂ ಅಲ್ಲೇ. ಅಣ್ಣನಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಎಲ್ಲರೂ ನಡುಗೆರೆಯ ಹತ್ತಿರ ಜಾಗ ಹಿಡಿದರೆ ಅವನು ಒಂದು ತುದಿಗೆ ಹೋಗಿ, ಗೋಲಿನ ಗೆರೆಯ ನೇರಕ್ಕೆ ನಿಲ್ಲುತ್ತಿದ್ದ. ಬಾಲು ಗೆರೆ ದಾಟಿತೋ ಇಲ್ಲವೋ ಅಲ್ಲಿಂದ ಮಾತ್ರ ಗೊತ್ತಾಗುತ್ತದೆ ಎನ್ನುತ್ತಿದ್ದ. ಅವನಿಗೆ ತನ್ನದು ಅಂತ ಒಂದು ತಂಡ ಇರಲಿಲ್ಲ. ಯಾರು ಸೋಲುತ್ತಿದ್ದಾರೋ ಅವರ ಪರ ಕೂಗುತ್ತಿದ್ದ. ಅರ್ಧ ಆಟದಲ್ಲಿ ಅವರು ಮುಂದಾದರೆ ಇವನು ಇನ್ನೊಂದು ತಂಡದ ಕಡೆಗೆ ತಿರುಗುತ್ತಿದ್ದ. ಪಕ್ಕದಲ್ಲಿದ್ದವರು ಇವನಿಗೆ ತಲೆ ಕೆಟ್ಟಿದೆ ಎಂದು ನಗುತ್ತಿದ್ದರು.

ಗೋಡೆಯ ಕೆಲಸ ಮೊಣಕಾಲೆತ್ತರಕ್ಕೆ ಮುಗಿದು, ಗಾರೆ ಇನ್ನೂ ಹಸಿ ಇರುವಾಗ ಮೈಸೂರಿನ ಕಡೆಯಿಂದ ಲಾರಿಯಲ್ಲಿ ಹೆಸರಿನ ಕಲ್ಲು ಬಂತು. ಸ್ಟೇಡಿಯಂ ಕಟ್ಟಿಸಿದವರ, ಉದ್ಘಾಟನೆ ಮಾಡುವವರ ಹೆಸರನ್ನೆಲ್ಲ ಕೆತ್ತಿದ ಕರಿಕಲ್ಲು. ಗೋಡೆಯ ನಡುವೆ ಅದನ್ನು ಕೂರಿಸಬೇಕು. ಇಳಿಸಿ ನಿಲ್ಲಿಸಿದರೆ ಕಲ್ಲು ಗೋಡೆಗಿಂತ ಎತ್ತರ. ಕಮಿಟಿಯವರು ಸುತ್ತ ನಿಂತು ನೋಡಿದರು. ಮೈದಾನದ ಉಸ್ತುವಾರಿ ನೋಡುತ್ತಿದ್ದವರು ಪಟಾಳಂನಿಂದ ನಿವೃತ್ತರಾಗಿ ಬಂದ ಸುಬೇದಾರರು. ಅವರೇ ಮೊದಲು ಬಾಯಿ ಬಿಟ್ಟರು.

“ಕಲ್ಲು ಕತ್ತರಿಸಿದ್ರೆ ಒಬ್ಬರ ಹೆಸರು ಹೋಗ್ತದೆ. ಯಾರದ್ದು ಅಂತ ಹೇಳೋದು ಯಾರು?”

ಕಲ್ಲನ್ನು ಹಾಗೇ ಬಿಟ್ಟು ಗೋಡೆ ಎತ್ತರಿಸುವುದು ಎಂದು ತೀರ್ಮಾನವಾಯಿತು. ನಕ್ಷೆಯಲ್ಲಿ ಹೀಗಿಲ್ಲ ಎಂದು ಇಂಜಿನಿಯರು ಒಂದು ಸಲ ಹೇಳಿ ಸುಮ್ಮನಾದರು. ಅವರಿಗೂ ಅದು ಅಂದಚಂದದ ಮಾತಾಗಿತ್ತೇ ಹೊರತು ಕೂತವರಿಗೆ ಆಟ ಕಾಣುವುದರ ಮಾತಾಗಿರಲಿಲ್ಲ. ನಮಗೂ ಹೊಳೆಯಲಿಲ್ಲ. ಈಗ ಯೋಚಿಸಿದರೆ ಕಾರಣ ತಿಳಿಯುತ್ತದೆ. ನಾವೆಲ್ಲ ಫುಟ್‌ಬಾಲನ್ನು ನಿಂತು ನೋಡಿದವರು. ಕೂತು ನೋಡಿದವನು ಆ ಪಟ್ಟಣದಲ್ಲಿ ಒಬ್ಬನೂ ಇರಲಿಲ್ಲ. ಕಟ್ಟುವಾಗಲೂ ಎಲ್ಲರೂ ನಿಂತೇ ಇದ್ದೆವು. ನಿಂತವನಿಗೆ ಆ ಗೋಡೆ ಎದೆಯ ಕೆಳಗೇ ಬರುತ್ತಿತ್ತು.

ಮೇಲಿನ ಎರಡು ಸಾಲಿಗೆ ಕಲ್ಲು ಸಾಲದೆ ನಾನು ಕುಶಾಲನಗರದ ಕಡೆಯ ಬಂಡೆಗೆ ಹೋದೆ. ಕಲ್ಲು ಒಡೆಸಿ ಕಳಿಸುತ್ತಾ ಅಲ್ಲೇ ಉಳಿದೆ. ಅತ್ತಿಗೆ ಅಣ್ಣನ ಜೊತೆ ಗಾರೆ ಹೊರುತ್ತಿದ್ದರು. ಅಣ್ಣನಿಗೆ ಆಗಲೇ ಕೆಮ್ಮು ಹತ್ತಿತ್ತು, ಕಲ್ಲು ಕೆಲಸದವರಿಗೆ ಬರುವ ಕೆಮ್ಮು. ಮಳೆ ಶುರುವಾಗುವ ಹೊತ್ತಿಗೆ ಸರಿಯಾಗಿ ಗೋಡೆ ಮುಗಿಸಿ ಮನೆಗೆ ಬಂದು ಮಲಗಿದ. ಆಷಾಢದಲ್ಲಿ ಹೋದ. ತಾನು ಕಟ್ಟಿದ ಗ್ಯಾಲರಿಯಲ್ಲಿ ಒಂದು ಆಟವನ್ನೂ ನೋಡಲಿಲ್ಲ.

ಮಳೆ ಇಳಿಯುವಾಗ ಬರುವ ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ ಪಂದ್ಯಗಳು ಶುರುವಾದವು, ಭಾನುವಾರಕ್ಕೊಂದು. ಸುಬೇದಾರರು ನನ್ನನ್ನು ಮೈದಾನದ ಕೆಲಸಕ್ಕೆ ಇಟ್ಟುಕೊಂಡಿದ್ದರು. ಗೆರೆಗೆ ಸುಣ್ಣ ಹಾಕುವುದು, ನೀರು ನಿಂತರೆ ಕಾಲುವೆ ಬಿಡಿಸುವುದು, ಬಲೆ ಕಟ್ಟುವುದು. ಮನೆಯಲ್ಲಿ ಇರಲಾಗದೆ ನಾನು ಒಪ್ಪಿಕೊಂಡಿದ್ದೆ. ಕೆಲಸ ಇಲ್ಲದ ಹೊತ್ತಿನಲ್ಲೂ ಗೋಡೆಯ ಉದ್ದಕ್ಕೆ ನಡೆಯುತ್ತಿದ್ದೆ. ಮೇಲಿನ ಎರಡು ಸಾಲನ್ನು ಅಣ್ಣ ಎಂದೂ ಮಾಡದ ಹಾಗೆ ಮಾಡಿದ್ದ. ಸಂದಿಯಲ್ಲಿ ಉಗುರು ಹೋಗುತ್ತಿರಲಿಲ್ಲ. ಉಳಿಯ ಗುರುತುಗಳು ಎಲ್ಲ ಒಂದೇ ಕಡೆಗೆ ಓರೆಯಾಗಿ, ಬಾಚಿದ ಕೂದಲಿನ ಹಾಗೆ.

ಮೊದಲನೆಯ ಪಂದ್ಯಕ್ಕೆ ಗ್ಯಾಲರಿ ತುಂಬಿತ್ತು. ಆಟ ಶುರುವಾಗಿ ಬಾಲು ಗ್ಯಾಲರಿಯ ಕಡೆಯ ಗೆರೆಗೆ ಬಂದದ್ದೇ ತಡ, ಕೂತವರೆಲ್ಲ ಒಟ್ಟಿಗೆ ಎದ್ದರು. ಹಿಂದಿನವರು ಕೂರಿ ಕೂರಿ ಎಂದು ಕೂಗಿದರು. ಮುಂದಿನವರು ಕೂತರು, ಆಗ ಅವರಿಗೆ ಕಂಡದ್ದು ಕಲ್ಲು. ಮೆಟ್ಟಿಲುಗಳು ತಗ್ಗು, ಗ್ಯಾಲರಿ ನಿಂತ ನೆಲ ಮೈದಾನಕ್ಕಿಂತ ಮೇಲೆ, ನಡುವೆ ಓಟದ ದಾರಿ. ಕೆಳಗಿನ ಸಾಲಿನವರಿಗೆ ಆಚೆ ಬದಿಯ ಆಟಗಾರರ ತಲೆ ಮಾತ್ರ ಕಾಣುತ್ತಿತ್ತು. ಮೇಲಿನ ಸಾಲಿನವರಿಗೂ ಈಚೆಯ ಗೆರೆ ಕಾಣುತ್ತಿರಲಿಲ್ಲ. ಬಾಲು ಅಲ್ಲಿಗೆ ಬಂದರೆ ಮಾಯ. ಆಮೇಲೆ ಕಾರ್ನರಿನಿಂದ ಗಾಳಿಯಲ್ಲಿ ಏಳುತ್ತಿತ್ತು.

ಎರಡನೆಯ ಭಾನುವಾರದ ಹೊತ್ತಿಗೆ ಈಚೆಯ ಬದಿಗೆ ಪಾತಾಳ ಎಂದು ಹೆಸರು ಬಿದ್ದಿತ್ತು. ಬಾಲು ಎಲ್ಲಿ ಎಂದರೆ ಪಾತಾಳದಲ್ಲಿ. ಜನ ಸೀಮೆಎಣ್ಣೆ ಡಬ್ಬದ ಪೆಟ್ಟಿಗೆ ತಂದು ಅದರ ಮೇಲೆ ಕೂತರು. ಅವರ ಹಿಂದಿನವರು ಇನ್ನೂ ಎತ್ತರದ್ದು ತಂದರು. ಕಾಫಿ ಚೀಲಕ್ಕೆ ಹೊಟ್ಟು ತುಂಬಿ ತಂದವರಿದ್ದರು. ಒಬ್ಬರು ಮನೆಯಿಂದ ರೊಟ್ಟಿ ಮಣೆ ಇಡುವ ಸ್ಟೂಲನ್ನೇ ತಂದಿದ್ದರು. ಮೂರನೆಯ ಭಾನುವಾರ ಅರ್ಧ ಗ್ಯಾಲರಿ ಖಾಲಿ, ಬೇಲಿಯಾಚೆಯ ಸಿಲ್ವರ್ ಓಕ್ ಮರಗಳೆಲ್ಲ ಭರ್ತಿ. ಟಿಕೆಟು ತೆಗೆದುಕೊಂಡವರೇ ಮರ ಹತ್ತಿದ್ದರು. ಕೆಳಗೆ ಪೊಲೀಸಿನವನು ನಿಂತು, ದುಡ್ಡು ಕೊಟ್ಟ ಜಾಗದಲ್ಲಿ ಹೋಗಿ ಕೂರಿ ಎಂದು ಬೇಡಿಕೊಳ್ಳುತ್ತಿದ್ದ. ಮಳೆ ಬಂದರೆ ಗ್ಯಾಲರಿಯ ಮೇಲೆ ಮಾಡು ಇಲ್ಲ, ನೆನೆಯಬೇಕು. ಹಳೆಯ ಗದ್ದೆಯ ಪಕ್ಕದಲ್ಲಾದರೆ ಮರದಡಿ ನಿಲ್ಲುತ್ತಿದ್ದರು. ಇಲ್ಲಿ ಬಾಗಿಲು ದಾಟಿ ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಿರಲಿಲ್ಲ.

ಇವರಲ್ಲೆಲ್ಲ ಬಾಯಿ ಜೋರಿದ್ದದ್ದು ಮಾದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರದ್ದು. ಅವರ ಎಸ್ಟೇಟಿನ ತಂಡ ಚೆನ್ನಾಗಿ ಆಡುತ್ತಿತ್ತು. ಲೈನಿನ ಮನೆಗಳ ಕೂಲಿ ಜನರನ್ನೆಲ್ಲ ಲಾರಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಆಟ ಮುಗಿದ ಮೇಲೆ ಬೇಕೆಂದೇ ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದರು.

“ಮೇಸ್ತ್ರಿ, ಇವತ್ತು ಬೆಸ್ಟ್ ಪ್ಲೇಯರ್ ಯಾರು ಗೊತ್ತುಂಟಾ? ಈ ಗೋಡೆ. ಒಂದು ಬಾಲನ್ನೂ ನಮ್ಮ ಕಣ್ಣಿಗೆ ಬಿಡ್ಲಿಲ್ಲ. ಇದಕ್ಕೊಂದು ಬನಿಯನ್ ಹೊಲಿಸಿ ಹಾಕು ಮಾರಾಯ.”

ಸುತ್ತ ಇದ್ದವರು ನಕ್ಕರು. ನಾನು ಬಲೆ ಬಿಚ್ಚುತ್ತಿದ್ದೆ, ಬಿಚ್ಚುತ್ತಲೇ ಇದ್ದೆ. ಇನ್ನೊಂದು ಸಲ ಯಾರೋ ಗೋಡೆಯ ಮೇಲೆ ಇದ್ದಲಿನಿಂದ ಎರಡು ಕಣ್ಣು ಬರೆದು, ಅದರ ಮೇಲೆ ಕೈ ಮುಚ್ಚಿದ ಹಾಗೆ ಚಿತ್ರ ಮಾಡಿದ್ದರು. ಸೋಮವಾರ ಬೆಳಿಗ್ಗೆ ಅದನ್ನು ತೊಳೆದೆ. ಇದ್ದಲು ಉಳಿಯ ಗುರುತಿನೊಳಗೆ ಸೇರಿಕೊಂಡಿತ್ತು, ತೆಂಗಿನ ನಾರು ಹಾಕಿ ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಅಣ್ಣನಿಗೆ ಹೇಳುವ ಹಾಗೆ ಗೋಡೆಗೆ ಏನೋ ಹೇಳಿದೆ.

ಗೋಡೆಯದ್ದು ತಪ್ಪಿಲ್ಲ, ಕೂರುವವರಿಗೆ ಕೂರಲು ಬರುವುದಿಲ್ಲ ಎಂದು ನಾನು ಎಲ್ಲರ ಹತ್ತಿರ ವಾದಿಸುತ್ತಿದ್ದೆ. ನಾನು ಇರುತ್ತಿದ್ದದ್ದು ಮೈದಾನದ ಕಡೆ. ನನಗೆ ಎಲ್ಲವೂ ಕಾಣುತ್ತಿತ್ತು.

ಸೆಮಿಫೈನಲ್ ದಿನ ರೈಟರು ಆಟ ಶುರುವಾಗುವ ಮೊದಲೇ ನನ್ನನ್ನು ಹಿಡಿದರು. ಆ ದಿನ ಅವರು ತಮಾಷೆ ಮಾಡಲಿಲ್ಲ.

“ನೋಡು ಮೇಸ್ತ್ರಿ, ನಂದು ಎರಡನೇ ಮೆಟ್ಟಿಲು. ಇವತ್ತು ನೀನು ಅಲ್ಲಿ ಕೂರು, ನಾನು ಇಲ್ಲಿ ನಿಂತು ನಿನ್ನ ಕೆಲಸ ನೋಡ್ಕೊಳ್ತೇನೆ. ಎದ್ದೇಳಬಾರದು. ಆಟ ಮುಗಿದ ಮೇಲೆ ನೀನು ಎಂತ ಹೇಳಿದ್ರೂ ಒಪ್ತೇನೆ.”

ಸುಬೇದಾರರು ತಲೆ ಆಡಿಸಿದರು. ನಾನು ಹೋಗಿ ಕೂತೆ. ಕೂತಾಗ ಗೋಡೆಯ ಒಳಮೈ ನನ್ನ ಮುಖದ ನೇರಕ್ಕಿತ್ತು. ಅಲ್ಲಿಯೂ ಅದೇ ಓರೆ ಗುರುತುಗಳು, ಅದೇ ಅಚ್ಚುಕಟ್ಟು. ಯಾರಿಗೂ ಕಾಣದ ಒಳಮೈಯನ್ನೂ ಅಣ್ಣ ಬಿಟ್ಟಿರಲಿಲ್ಲ. ಆಟ ಶುರುವಾಯಿತು ಎಂದು ಶಿಳ್ಳೆಯಿಂದ ಗೊತ್ತಾಯಿತು. ಬಾಲು ಒದ್ದ ಶಬ್ದ ಕೇಳುತ್ತಿತ್ತು, ಹೆಜ್ಜೆಗಳ ಶಬ್ದ ಕೇಳುತ್ತಿತ್ತು. ಒಮ್ಮೆ ಪಾತಾಳದಲ್ಲಿ ಯಾರೋ ಬಿದ್ದು ನರಳಿದ. ಯಾರು ಬಿದ್ದದ್ದು, ಯಾರು ಬೀಳಿಸಿದ್ದು, ತಿಳಿಯಲಿಲ್ಲ. ಗೋಲಾದಾಗ ಮರದ ಮೇಲಿದ್ದವರು ಕೂಗಿದರು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಮರಗಳ ಕಡೆಗೆ ತಿರುಗಿ, ಯಾರ ಗೋಲು ಎಂದು ಕೈಸನ್ನೆಯಲ್ಲಿ ಕೇಳಿದರು. ಮೈದಾನಕ್ಕೆ ಬೆನ್ನು ಹಾಕಿ ಮರ ನೋಡುತ್ತಾ ಅವರು ಪೂರ್ತಿ ಆಟ ಮುಗಿಸಿದರು.

ನನಗೆ ಅಣ್ಣನ ನೆನಪು ಬಂದದ್ದು ಆಗ. ಇಷ್ಟು ದಿನ ನೆನಪಿರಲಿಲ್ಲ ಎಂದಲ್ಲ. ಆದರೆ ಇಷ್ಟು ದಿನ ನಾನು ನೆನೆಯುತ್ತಿದ್ದದ್ದು ಗೋಡೆ ಕಟ್ಟಿದ ಅಣ್ಣನನ್ನು. ಆಟ ನೋಡುವ ಅಣ್ಣ ಈ ಮೆಟ್ಟಿಲಿನಲ್ಲಿ ಕೂತಿದ್ದರೆ ಏನು ಮಾಡುತ್ತಿದ್ದ? ಒಂದು ಗಳಿಗೆ ಸಹಿಸುತ್ತಿರಲಿಲ್ಲ. ಎದ್ದು ಹೋಗಿ ಮರ ಹತ್ತುತ್ತಿದ್ದ. ಆ ಕೆಮ್ಮು ಇಟ್ಟುಕೊಂಡೇ ಹತ್ತುತ್ತಿದ್ದ.

ಆಟ ಮುಗಿದಾಗ ರೈಟರು ಬಂದು ಎದುರಿಗೆ ನಿಂತರು. ಕಾಣುವುದಿಲ್ಲ ಎಂದು ನಾನೇ ಹೇಳಿದೆ. ಅವರು ಗೆದ್ದ ಹಾಗೆ ಮುಖ ಮಾಡಲಿಲ್ಲ. ಕಮಿಟಿಗೆ ಬೆಳಿಗ್ಗೆಯೇ ಹೇಳಿ ಆಗಿದೆ ಎಂದರು. ಫೈನಲಿಗೆ ದೊಡ್ಡವರು ಬರುತ್ತಾರೆ, ಅಷ್ಟರೊಳಗೆ ಗೋಡೆ ತಗ್ಗಿಸದಿದ್ದರೆ ಆಡುವ ಎರಡು ತಂಡದ ಜನವೂ ಬಹಿಷ್ಕಾರ ಹಾಕುತ್ತಾರೆ ಎಂದು. ಕಮಿಟಿಯವರು ಒಪ್ಪಿದ್ದಾರೆ. ರಸ್ತೆ ಕೆಲಸದವರು ದೊಡ್ಡ ಸುತ್ತಿಗೆ ತಂದು ಒಡೆಯುತ್ತಾರೆ, ಕಲ್ಲು ಜಲ್ಲಿಗೆ ಹೋಗುತ್ತದೆ.

ಜಲ್ಲಿ ಎಂಬ ಮಾತು ಕೇಳಿದ್ದೇ ತಡ, ನೇರ ಇಂಜಿನಿಯರ ಮನೆಗೆ ಹೋದೆ. ಅವರು ಅಂಗಿ ಹಾಕಿಕೊಳ್ಳುತ್ತಾ ಹೊರಗೆ ಬಂದರು. ಗೋಡೆ ಇಳಿಯಲಿ, ಆದರೆ ಇಳಿಸುವುದು ನಾನು, ಒಂದು ಕಲ್ಲೂ ಒಡೆಯಬಾರದು ಎಂದೆ. ಅವರು ಗುಂಡಿ ಹಾಕಿಕೊಳ್ಳುತ್ತಾ ಕೇಳಿದರು.

“ಒಡೆಯೋಕೆ ಎರಡು ದಿನ ಸಾಕು. ನೀನು ಬಿಚ್ಚೋದು ಭಾನುವಾರದೊಳಗೆ ಮುಗೀತದಾ?”

ಮುಗಿಯುತ್ತದೆ ಎಂದೆ. ಶುಕ್ರವಾರ ಬೆಳಗಿನವರೆಗೆ ನಿನಗೆ, ಅಷ್ಟರಲ್ಲಿ ಕಲ್ಲು ಬಿಚ್ಚಿಕೊಳ್ಳದಿದ್ದರೆ ಸುತ್ತಿಗೆಯವರಿಗೆ ಎಂದರು. ಹೆಸರಿನ ಕಲ್ಲನ್ನು ಮಾತ್ರ ಮುಟ್ಟಕೂಡದು, ಅದು ಕಮಿಟಿಯ ಮಾತು.

ಬಿಚ್ಚುವುದು ಎಂದರೆ ಏನು ಎಂದು ಇಲ್ಲಿ ಹೇಳಬೇಕು. ನಮ್ಮ ಮನೆಯ ಕೆಲಸದಲ್ಲಿ ಮೇಲಿನ ಸಾಲಿನ ಕಲ್ಲುಗಳನ್ನು ನೇರಕ್ಕೆ ಕತ್ತರಿಸುವುದಿಲ್ಲ. ಒಂದೊಂದರ ಮಗ್ಗುಲನ್ನೂ ಓರೆ ಮಾಡುತ್ತೇವೆ, ಒಂದರ ಮೇಲೆ ಇನ್ನೊಂದು ಒರಗುತ್ತಾ ಹೋಗುತ್ತದೆ. ಎರಡು ತುದಿಯಿಂದ ಕಟ್ಟುತ್ತಾ ಬಂದು ಎಲ್ಲೋ ಒಂದು ಕಡೆ ಕೂಡಿಸುತ್ತೇವೆ. ಅಲ್ಲಿ ಉಳಿದ ಜಾಗಕ್ಕೆ ಮೇಲೆ ಅಗಲ, ಕೆಳಗೆ ಕಿರಿದು ಮಾಡಿದ ಒಂದು ಕಲ್ಲನ್ನು ಮೇಲಿನಿಂದ ಇಳಿಸುತ್ತೇವೆ. ಅದಕ್ಕೆ ಮುಚ್ಚುವ ಕಲ್ಲು ಎನ್ನುತ್ತೇವೆ. ಅದು ಕೂತ ಮೇಲೆ ಸಾಲು ಪೂರ್ತಿ ಬಿಗಿ. ಬಿಚ್ಚಬೇಕಾದರೆ ಅದನ್ನೇ ಮೊದಲು ಎತ್ತಬೇಕು. ಬೇರೆ ಯಾವುದನ್ನು ಎತ್ತಿದರೂ ಪಕ್ಕದ್ದು ಹಿಡಿದುಕೊಳ್ಳುತ್ತದೆ, ಮೂಲೆ ಮುರಿಯುತ್ತದೆ. ಅಣ್ಣ ಮುಚ್ಚುವ ಕಲ್ಲನ್ನು ಯಾವಾಗಲೂ ನನ್ನ ಕೈಯಲ್ಲಿ ಇಡಿಸುತ್ತಿದ್ದ. ಆಮೇಲೆ ಎಲ್ಲದರ ಮುಖಕ್ಕೂ ಒಂದೇ ಸಮ ಉಳಿ ಆಡಿಸಿ, ಅದು ಯಾವುದು ಎಂದು ಗೊತ್ತಾಗದ ಹಾಗೆ ಮಾಡುತ್ತಿದ್ದ. ಈ ಎರಡು ಸಾಲು ಮುಗಿಸುವಾಗ ನಾನು ಬಂಡೆಯ ಹತ್ತಿರ ಇದ್ದೆ. ಇಷ್ಟುದ್ದದ ಗೋಡೆಯಲ್ಲಿ ಅದು ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಪೂರ್ತಿ ಗೋಡೆಯ ಮೇಲೆ ಮೊಣಕಾಲೂರಿ ಸಂದಿಗಳನ್ನು ನೋಡಿದೆ. ನೀರು ಹಾಕಿದೆ, ಯಾವ ಸಂದಿ ಬೇಗ ಕುಡಿಯುತ್ತದೆ ಎಂದು. ಎಲ್ಲವೂ ಒಂದೇ ಸಮ ಕುಡಿದವು. ಸುತ್ತಿಗೆಯ ಹಿಡಿಯಿಂದ ತಟ್ಟಿ ಕೇಳಿದೆ. ಹೆಸರಿನ ಕಲ್ಲಿನ ಪಕ್ಕದಲ್ಲಿ ಶಬ್ದ ಸ್ವಲ್ಪ ಬೇರೆ ಅನ್ನಿಸಿತು. ನಡುಮಧ್ಯ, ದೊಡ್ಡವರ ಹೆಸರಿನ ಬಳಿ ಮುಚ್ಚಿರಬೇಕು ಎಂದುಕೊಂಡೆ. ಮಂಗಳವಾರ ಅಲ್ಲಿ ಗಾರೆ ಕೆರೆದು, ಎರಡು ಕಡೆ ತೆಳು ಹಾರೆ ಕೊಟ್ಟು, ಇಬ್ಬರು ಆಳುಗಳನ್ನು ನಿಲ್ಲಿಸಿ ಮೀಟಿದೆ. ಕಲ್ಲು ಕೂದಲೆಳೆಯಷ್ಟು ಎದ್ದಿತು. ಮತ್ತೆ ಮೀಟಿದಾಗ ಟಪ್ ಎಂದು ಮೂಲೆ ಹಾರಿಹೋಯಿತು. ಅಂಗೈಯಗಲದ ಚಕ್ಕೆ. ಆಳುಗಳು ನನ್ನ ಮುಖ ನೋಡಿದರು. ಚಕ್ಕೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಅವತ್ತು ಮತ್ತೆ ಹಾರೆ ಮುಟ್ಟಲಿಲ್ಲ.

ಬುಧವಾರ ಮಳೆ. ಆಳುಗಳು ಬರಲಿಲ್ಲ. ಟಾರ್ಪಾಲಿನ ಕೆಳಗೆ ಕೂತೆ, ಎದ್ದೆ, ಮತ್ತೆ ಕೂತೆ. ಮಧ್ಯಾಹ್ನ ಸುತ್ತಿಗೆಯವರ ಮುಖ್ಯಸ್ಥ ಕೊಡೆ ಹಿಡಿದು ಬಂದು ಗೋಡೆಯನ್ನು ಒಂದು ಸುತ್ತು ನೋಡಿಕೊಂಡು ಹೋದ.  

ಆ ಸಾಲು ಮುಗಿದ ದಿನ ಅಣ್ಣನ ಜೊತೆ ಇದ್ದವರು ಅತ್ತಿಗೆ. ಅವರನ್ನು ಕೇಳಬೇಕು ಎಂದು ನನಗೆ ಸೋಮವಾರವೇ ಹೊಳೆದಿತ್ತು. ಕೇಳಬೇಕಾದರೆ ಗೋಡೆ ಇಳಿಯುತ್ತದೆ ಎಂದು ಹೇಳಬೇಕಾಗಿತ್ತು. ಅಣ್ಣ ಹೋದ ಮೇಲೆ ಅವರು ಆ ಗೋಡೆಯ ಮಾತನ್ನು ಒಮ್ಮೆ ಮಾತ್ರ ಆಡಿದ್ದರು. ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದಾಗ ಪಟ್ಟಣದ ಕಡೆಯ ಹೆಂಗಸೊಬ್ಬಳು ಸ್ಟೇಡಿಯಂ ನೋಡಿದೆ ಎಂದಳಂತೆ, ಅದರ ಗೋಡೆ ನಮ್ಮ ಮನೆಯವರದ್ದು ಎಂದು ಹೇಳಿದೆ ಎಂದಿದ್ದರು. ಅಷ್ಟೇ. ಹೇಳುವಾಗ ಸೆರಗು ಸರಿಮಾಡಿಕೊಂಡಿದ್ದರು.

ಗುರುವಾರ ಬಸ್ಸು ಹತ್ತಿದೆ. ಮನೆಗೆ ಹೋದಾಗ ಅತ್ತಿಗೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ರಾಗಿ ಕೇರುತ್ತಿದ್ದರು. ಶನಿವಾರದ ಸಂತೆಗೆ ಕಟ್ಟಿದ ಸೊಪ್ಪಿನ ಕಟ್ಟುಗಳು ಪಕ್ಕದಲ್ಲಿದ್ದವು. ವಾರದ ನಡುವೆ ಬಂದದ್ದಕ್ಕೆ ಹುಷಾರಿಲ್ಲವಾ ಎಂದರು. ನಾನು ಜೇಬಿನಿಂದ ಚಕ್ಕೆ ತೆಗೆದು ಮೊರದ ಅಂಚಿನಲ್ಲಿಟ್ಟೆ. ಅವರು ಅದನ್ನು ತಿರುಗಿಸಿ ಉಳಿಯ ಗುರುತು ನೋಡಿದರು. ಎಲ್ಲಿಯದು ಎಂದು ಕೇಳಬೇಕಾಗಲಿಲ್ಲ.

ಎಲ್ಲ ಹೇಳಿದೆ. ಕೂತವರಿಗೆ ಕಾಣದ್ದು, ಪಾತಾಳ, ಮರ ಹತ್ತಿದವರು, ಎರಡನೆಯ ಮೆಟ್ಟಿಲಲ್ಲಿ ನಾನು ಕೂತದ್ದು. ಬನಿಯನ್ ಮಾತನ್ನು ಮಾತ್ರ ಬಿಟ್ಟೆ. ಅವರು ಮತ್ತೆ ಕೇರತೊಡಗಿದ್ದರು. ಮೊರದ ಸದ್ದಿನ ನಡುವೆ ಕೇಳಿದರು.

“ಒಡೀತಾರಾ?”

“ಮುಚ್ಚೋ ಕಲ್ಲು ಸಿಕ್ಕಿದ್ರೆ ಒಡೆಯಲ್ಲ, ಅತ್ತಿಗೆ. ನಾಳೆ ಬೆಳಿಗ್ಗೆ ಸಿಗದಿದ್ರೆ ಒಡೀತಾರೆ.”

“ನೀನು ಎಲ್ ಹುಡುಕ್ದೆ?”

“ನಡೂಮಧ್ಯ. ಹೆಸರಿನ ಕಲ್ಲಿನ ಪಕ್ಕ.”

ಅವರ ಮುಖದಲ್ಲಿ ನಗುವಿನ ಹಾಗೆ ಏನೋ ಬಂದು ಹೋಯಿತು.

“ನಿಮ್ಮಣ್ಣ ಯಾವತ್ತು ನಡುಮಧ್ಯ ನಿಂತಿದ್ರು, ಅಲ್ ಮುಚ್ಚೋಕೆ? ಅದನ್ನ ಇಟ್ಟೋಳು ನಾನು ಕಣಪ್ಪ. ಅವತ್ತು ಅವ್ರಿಗೆ ಉಸುರು ಹತ್ತಿ ಹೋಗಿತ್ತು, ಎತ್ತಕ್ಕೆ ಆಗ್ಲಿಲ್ಲ. ಆಳುಗಳು ಹಗ್ಗದಲ್ಲಿ ಹಿಡ್ಕಂಡಿದ್ರು. ತಮ್ಮ ಇಲ್ವಲ್ಲ, ನೀನೇ ಕೈ ಕೊಡು ಅಂದ್ರು. ನಾನು ಎರಡೂ ಕೈಲಿ ಒತ್ತಿ ಕೂರಿಸ್ದೆ.”

ಎಲ್ಲಿ ಎಂದು ಕೇಳಿದೆ. ಬಾಯಲ್ಲಿ ಹೇಳುವುದಕ್ಕೆ ಬರುವುದಿಲ್ಲ, ನಿಂತರೆ ಗೊತ್ತಾಗುತ್ತದೆ ಎಂದರು. ಮೊರದಲ್ಲಿದ್ದ ರಾಗಿಯನ್ನು ಡಬ್ಬಕ್ಕೆ ಸುರಿದು, ಸೊಪ್ಪಿನ ಕಟ್ಟುಗಳನ್ನು ಪಕ್ಕದ ಮನೆಯವರಿಗೆ ಕೊಟ್ಟು, ಕಡೆಯ ಬಸ್ಸಿಗೆ ನನ್ನ ಜೊತೆ ಹೊರಟರು. ಆ ವಾರದ ಸಂತೆಯನ್ನು ಬಿಟ್ಟರು. ಪಟ್ಟಣದಲ್ಲಿ ಅವರ ದೂರದ ಸಂಬಂಧಿಕರ ಮನೆಯಲ್ಲಿ ಉಳಿದೆವು.

ಶುಕ್ರವಾರ ಬೆಳಿಗ್ಗೆ ನಾವು ಹೋದಾಗ ಸುತ್ತಿಗೆಯವರು ಆಗಲೇ ಬಂದು ಬೀಡಿ ಸೇದುತ್ತಾ ಕೂತಿದ್ದರು. ಸುಬೇದಾರರೂ ಇದ್ದರು, ರೈಟರೂ ಇದ್ದರು. ಅತ್ತಿಗೆ ಯಾರನ್ನೂ ನೋಡಲಿಲ್ಲ. ಗೋಡೆಯನ್ನು ಅಂಗೈಯಿಂದ ಸವರುತ್ತಾ ಗ್ಯಾಲರಿಯ ಒಂದು ತುದಿಯ ಕಡೆಗೆ ನಡೆದರು. ನಡೆಯುತ್ತಾ ಮೈದಾನದ ಕಡೆಗೇ ನೋಡುತ್ತಿದ್ದರು. ಒಂದು ಕಡೆ ನಿಂತರು, ಒಂದು ಹೆಜ್ಜೆ ಹಿಂದೆ ಬಂದರು.

“ಇಲ್ಲಿ. ಆ ಎರಡು ಕಂಬ ಒಂದೇ ಕಂಬ ಆಗಿ ಕಾಣ್ತಿತ್ತು.”

ನಾನು ಅವರ ಹಿಂದೆ ನಿಂತು ನೋಡಿದೆ. ಗೋಲಿನ ಎರಡು ಕಂಬಗಳು ಒಂದರ ಹಿಂದೆ ಒಂದು ಅಡಗಿ ಒಂದೇ ಆಗಿದ್ದವು. ಗೋಲಿನ ಗೆರೆಯ ನೇರ. ಪ್ರತಿ ಭಾನುವಾರ ಆ ಗೆರೆಗೆ ಸುಣ್ಣ ಹಾಕಿದವನು ನಾನು. ಹಳೆಯ ಗದ್ದೆಯ ಬದಿಯಲ್ಲಿ ಅಣ್ಣ ನಿಲ್ಲುತ್ತಿದ್ದಂಥದ್ದೇ ಜಾಗ ಇದು. ಮಳೆ ಕಳೆದು ಪಂದ್ಯ ಶುರುವಾದಾಗ ಬಂದು ನಿಲ್ಲುವುದಕ್ಕೆ ಜಾಗ ಹಿಡಿದಿಟ್ಟಿದ್ದ.

ಸಂದಿಯ ಗಾರೆ ಕೆರೆದೆ. ಒಳಗಿನ ಗಾರೆ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಎರಡು ಕಡೆ ಮರದ ಬೆಣೆ ಇಳಿಸಿ, ಹಗ್ಗ ಕೊಟ್ಟು, ಹಾರೆಯಿಂದ ಮೆಲ್ಲಗೆ ಮೀಟಿದೆ. ಕಲ್ಲು ಸದ್ದಿಲ್ಲದೆ ಎದ್ದುಬಂತು. ಮೇಲೆ ಅಗಲ, ಕೆಳಗೆ ಕಿರಿದು. ಸುತ್ತಿಗೆಯವರು ಎದ್ದು ನಿಂತು ನೋಡಿದರು. ಅವರ ಮುಖ್ಯಸ್ಥ ಬೀಡಿ ಆರಿಸಿ, ನಮ್ಮ ಕೈ ಬೇಕಾ ಎಂದ. ಬೇಕು ಎಂದೆ. ಅವರು ದೊಡ್ಡ ಸುತ್ತಿಗೆಗಳನ್ನು ಬೇಲಿಗೆ ಒರಗಿಸಿ ಬಂದರು.

ಅಲ್ಲಿಂದ ಮುಂದೆ ಕೆಲಸ ತಾನಾಗಿ ಹೋಯಿತು. ಒಂದು ಕಲ್ಲು ಸರಿದರೆ ಪಕ್ಕದ್ದು ಒರಗು ಬಿಟ್ಟು ಸಡಿಲವಾಗುತ್ತಿತ್ತು. ಹಲಗೆಯ ಮೇಲೆ ಗೋಣಿ ಹಾಸಿ ಇಳಿಸಿಕೊಂಡು, ಬಿದಿರಿನ ಬೊಂಬಿಗೆ ಹಗ್ಗದಲ್ಲಿ ತೂಗಿಸಿ ಇಬ್ಬಿಬ್ಬರು ಹೊತ್ತರು. ಗ್ಯಾಲರಿಯ ಹಿಂದೆ ಕಟ್ಟಿದ ಕ್ರಮದಲ್ಲೇ ಪೇರಿಸಿದೆವು. ಕೆಳಗಿನ ಸಾಲಿನ ಮುಚ್ಚುವ ಕಲ್ಲೂ ಅದೇ ನೇರದಲ್ಲಿತ್ತು. ಶನಿವಾರ ರೈಟರು ತಮ್ಮ ಲೈನಿನಿಂದ ನಾಲ್ಕಾರು ಜನರನ್ನು ಕರೆತಂದರು, ತಾವೂ ಪಂಚೆ ಎತ್ತಿ ಕಟ್ಟಿ ಬೊಂಬಿಗೆ ಹೆಗಲು ಕೊಟ್ಟರು. ಕಲ್ಲು ಇಷ್ಟು ಭಾರ ಇರುತ್ತದೆ ಎಂದು ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ ಎಂದರು. ಅತ್ತಿಗೆ ಎಲ್ಲರಿಗೂ ಕಾಫಿ ಕಾಸಿ ಕೊಟ್ಟರು. ಮೂಲೆ ಮುರಿದ ಆ ಒಂದು ಕಲ್ಲನ್ನು ಬಿಟ್ಟರೆ ಇನ್ನೊಂದೂ ಒಡೆಯಲಿಲ್ಲ.

ಹೆಸರಿನ ಕಲ್ಲು ಮಾತ್ರ ನಡುವೆ ಒಂಟಿಯಾಗಿ ಎದ್ದುನಿಂತಿತು, ಎರಡು ಬದಿಗೆ ಆಸರೆಯ ಒಂದೊಂದು ಕಲ್ಲು ಇಟ್ಟುಕೊಂಡು. ಸರಿಯಾಗಿ ಅದರ ಹಿಂದೆ ದೊಡ್ಡವರ ಕುರ್ಚಿಗಳು. ಭಾನುವಾರ ಫೈನಲಿಗೆ ಬಂದ ಅತಿಥಿಗಳು ಅಲ್ಲಿ ಕೂತು, ಸ್ವಲ್ಪ ಹೊತ್ತು ಕತ್ತನ್ನು ಆಚೆ ಈಚೆ ಮಾಡಿದರು. ಕಡೆಗೆ ಕುರ್ಚಿಯನ್ನು ತಾವೇ ಎತ್ತಿಕೊಂಡು ಪಕ್ಕಕ್ಕೆ, ಜನರ ಸಾಲಿಗೆ ಬಂದರು. ಇಡೀ ಗ್ಯಾಲರಿ ಚಪ್ಪಾಳೆ ಹೊಡೆಯಿತು. ಸುಬೇದಾರರು ಮೀಸೆಯ ಮೇಲೆ ಕೈಯಿಟ್ಟು ನಗು ಅಡಗಿಸಿಕೊಂಡರು. ಮುಂದಿನ ವಾರವೇ ಆ ಕಲ್ಲನ್ನು ಬಾಗಿಲಿನ ಬಳಿಗೆ ಸಾಗಿಸಿದೆವು.

ಆ ದಿನ ಮರಗಳ ಮೇಲೆ ಯಾರೂ ಇರಲಿಲ್ಲ. ಮಾಡು ಇಲ್ಲ, ಟಿಕೆಟು ದುಬಾರಿ ಎಂಬ ಗೊಣಗಾಟ ಇದ್ದೇ ಇತ್ತು. ಬಾಲು ಈಚೆಯ ಗೆರೆಗೆ ಬಂದಾಗ ಜನ ಕೂತಲ್ಲೇ ಕೂತು ಕೂಗಿದರು. ನಾನು ಗೋಡೆಯ ಮಾತು ಬರುತ್ತದೆ ಎಂದು ಕಿವಿ ಕೊಟ್ಟು ಕಾಯುತ್ತಿದ್ದೆ. ಅದು ಇತ್ತು ಎಂಬುದನ್ನೇ ಮರೆತ ಹಾಗೆ ಆಟ ನೋಡುತ್ತಿದ್ದರು.

ಅತ್ತಿಗೆ ಕೂರಿಸಿದ್ದ ಮುಚ್ಚುವ ಕಲ್ಲನ್ನು ನಾವು ಪೇರಿಸಿರಲಿಲ್ಲ. ಅದನ್ನು ಎತ್ತಿದ ಜಾಗದ ಹಿಂದೆಯೇ, ಕೆಳಗಿನ ಮೆಟ್ಟಿಲಿನ ತುದಿಯಲ್ಲಿ ಇಟ್ಟಿದ್ದೆ. ಅತ್ತಿಗೆ ಅದರ ಮೇಲೆ ಕೂತಿದ್ದರು. ಬೆಳಗಿನ ಬಸ್ಸಿಗೆ ಊರಿಗೆ ಹೋಗುತ್ತೇನೆ ಎಂದವರು ಹೋಗಿರಲಿಲ್ಲ. ಫುಟ್‌ಬಾಲನ್ನು ಅವರು ಹಿಂದೆ ಎಂದೂ ನೋಡಿರಲಿಲ್ಲ. ಗೋಲಿನ ಕಂಬಗಳ ನೇರಕ್ಕೆ, ಮೊಣಕಾಲ ಮೇಲೆ ಕೈಯಿಟ್ಟು, ಸಂತೆಯಲ್ಲಿ ಗಿರಾಕಿಗೆ ಕಾಯುವ ಹಾಗೆ ಅಲುಗಾಡದೆ ಕೂತಿದ್ದರು. ಅರ್ಧ ಆಟ ಮುಗಿದಾಗ ನಾನು ಹತ್ತಿರ ಹೋದೆ.

“ಈಗ ಸೋಲ್ತಿರೋರು ಯಾರಪ್ಪ?” ಎಂದು ಕೇಳಿದರು.

ಅಮ್ಮತ್ತಿಯವರನ್ನು ತೋರಿಸಿದೆ. ಅತ್ತಿಗೆ ಕಲ್ಲಿನ ಮೇಲೆ ಆ ಕಡೆಗೆ ತಿರುಗಿ ಕೂತರು.